ಹೊನ್ನಾವರದಲ್ಲಿ ಬೋಟ್ ಬುಕ್ ಮಾಡುವವರೇ, ಮೊದಲು ಭರತದ (ಉಬ್ಬರದ) ಹೊತ್ತು ನೋಡಿಕೊಳ್ಳಿ

ಶರಾವತಿಯಲ್ಲಿ ಬೋಟಿಂಗ್ ಅಂತ ಪ್ಲಾನ್ ಹಾಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯಲು ನಾಚಿಕೆಯಾಗುತ್ತಿದೆ. ಗೆಳೆಯರನ್ನೆಲ್ಲ ಒಪ್ಪಿಸಿ, ದುಡ್ಡು ಒಟ್ಟುಮಾಡಿ ಕರೆದುಕೊಂಡು ಹೋದವನು ನಾನೇ. ಈಗಲೂ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ನನ್ನನ್ನು 'ಕ್ಯಾಪ್ಟನ್' ಅಂತಲೇ ಕರೆಯುತ್ತಾರೆ.

ಮಾತಾಗಿದ್ದು ಇಷ್ಟೇ. ಬೆಳಿಗ್ಗೆ ಹತ್ತಕ್ಕೆ ಹೊರಡುವುದು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಒಳಗಿನ ಸಣ್ಣ ಸಣ್ಣ ಹಳ್ಳಗಳಲ್ಲಿ ಸುತ್ತುವುದು, ಎರಡು ಕಿಲೋಮೀಟರಿಗೂ ಉದ್ದದ ಆ ಕೊಂಕಣ ರೈಲ್ವೆ ಸೇತುವೆಯ ಕೆಳಗೆ ಹೋಗುವುದು, ನದಿ ಕಡಲು ಸೇರುವ ಅಳಿವೆಯನ್ನು ದೂರದಿಂದ ನೋಡಿ ವಾಪಸ್. ಹತ್ತು ಗಂಟೆ ಅಂತ ಹೇಳಿದ್ದೂ ಬೋಟ್ ಬುಕಿಂಗ್ ತೆಗೆದುಕೊಂಡವನೇ. "ಹುಣ್ಣಿಮೆ ಹತ್ರ ಸರ್, ಹನ್ನೊಂದರ ಸುಮಾರಿಗೆ ಪೂರ್ತಿ ಭರತ. ಆ ಹೊತ್ತಿಗೆ ಹೋದ್ರೇ ಕಾಂಡ್ಲಾ ಒಳಗೆ ಚಂದ" ಅಂದ. ಆ ಹೊತ್ತಿಗೆ ಡಿಮ್ಯಾಂಡ್ ಜಾಸ್ತಿ ಅಂತ ಒಂದು ಸಾವಿರ ಹೆಚ್ಚಿಗೆ ತೆಗೆದುಕೊಂಡ. ಇದನ್ನು ನೆನಪಿಡಿ.

ಹತ್ತಕ್ಕೆ ಹೋದರೆ ಧಕ್ಕೆಯಲ್ಲಿ ಬೋಟೇ ಇಲ್ಲ. ಎಣ್ಣೆ ಹಾಕಿಸಲು ಹೋಗಿದೆ ಅಂದರು. ಆಮೇಲೆ ಇಂಜಿನ್ ನೋಡ್ತಾ ಇದ್ದಾರೆ ಅಂದರು. ಆಮೇಲೆ "ಬಂತು ಬಂತು, ಹತ್ತು ನಿಮಿಷ". ಬಿಸಿಲಲ್ಲಿ ಕೂತೆವು. ಈ ನಡುವೆ ಬಾಕಿ ದುಡ್ಡನ್ನೂ ಫೋನ್‌ಪೇ ಮಾಡಿಸಿಕೊಂಡ. ಬೋಟು ಬಂದಾಗ ಹನ್ನೆರಡೂವರೆ ದಾಟಿತ್ತು. ಸೀಟೆಲ್ಲ ಒದ್ದೆ. ಕೆಳಗೆ ಚಿಪ್ಸ್ ಪ್ಯಾಕೆಟ್, ಕುಡಿದು ಬಿಟ್ಟ ಎಳನೀರು ಬುರುಡೆ, ಯಾರದೋ ಮಗುವಿನ ಒಂದು ಚಪ್ಪಲಿ.

ಆಗಲೂ ನನಗೆ ಹೊಳೆಯಲಿಲ್ಲ.

ಕಾಂಡ್ಲಾ ಹತ್ತಿರ ಹೋದರೆ ಬೇರುಗಳೆಲ್ಲ ಬತ್ತಲೆ ನಿಂತಿವೆ. ನೀರು ಮುಟ್ಟಿದ್ದ ಕಪ್ಪು ಗೆರೆ ಅದಾಗಲೇ ಮೊಣಕೈಯಷ್ಟು ಮೇಲಿತ್ತು, ಅದರ ಕೆಳಗೆ ಬೇರಿಗೆ ಅಂಟಿಕೊಂಡ ಚಿಪ್ಪುಗಳು ಇನ್ನೂ ನೀರು ತೊಟ್ಟಿಕ್ಕಿಸುತ್ತಿದ್ದವು. ಹಳ್ಳದ ಬಾಯಲ್ಲೇ ಫ್ಯಾನು ಕೆಸರಿಗೆ ಕಚ್ಚಿತು. ಬೋಟು ಬಿಡುತ್ತಿದ್ದ ಹುಡುಗ ಇಂಜಿನ್ ಎತ್ತಿ, ಗಳ ಹಾಕಿ ಹಿಂದಕ್ಕೆ ತಳ್ಳುತ್ತಾ, ಪಾಪ, ಏನೂ ಮುಚ್ಚಿಡದೆ ಹೇಳಿಬಿಟ್ಟ: "ಬೆಳಿಗ್ಗೆ ಹತ್ತಕ್ಕೆ ಬಂದವ್ರಿಗೆ ಒಳ್ಳೆ ನೀರಿತ್ತು ಅಣ್ಣ. ಒಳಗಡೆ ತನಕ ಹೋಗಿದ್ವಿ."

ಹತ್ತಕ್ಕೆ ಬಂದವರು! ಹತ್ತಕ್ಕೆ ಬಂದವರು ನಾವಲ್ಲವೇನಪ್ಪಾ? ಎಲ್ಲರೂ ನನ್ನ ಮುಖ ನೋಡಿದರು. ನಾವು ದುಡ್ಡು ಕೊಟ್ಟ ಭರತವನ್ನೇ ಇನ್ನೊಂದು ಫ್ಯಾಮಿಲಿಗೆ ಮಾರಿದ್ದ. ನಮಗೆ ಉಳಿದದ್ದು ಕೆಸರು.

ಅಲ್ಲಿಂದಲೇ ಫೋನ್ ಮಾಡಿದೆ. "ನೀರು ನಮ್ಮ ಕೈಲಿ ಉಂಟಾ ಸರ್?" ಅಂದ. ಬೇರೆಯವರನ್ನು ಕಳಿಸಿದ್ದು ನಿನ್ನ ಕೈಲಿತ್ತಲ್ಲ ಅಂದರೆ, "ಗೇರುಸೊಪ್ಪೆಯಿಂದ ನೀರು ಬಿಟ್ಟಿಲ್ಲ, ಅದಕ್ಕೇ ಕಡಿಮೆ" ಅಂದ. ಭರತ ಅಂತ ಒಂದು ಸಾವಿರ ಹೆಚ್ಚಿಗೆ ತಗೊಂಡವನಿಗೆ ಈಗ ಡ್ಯಾಮ್ ನೆನಪಾಯಿತು! ಕೊನೆಗೆ ಹುಡುಗನಿಗೆ ಹೇಳಿದ, "ಅಳಿವೆ ಹತ್ರ ತೋರ್ಸ್ಕೊಂಡು ಬಾ, ಖುಷಿ ಆಗ್ತಾರೆ."

ಖುಷಿಯ ಕಥೆ ಕೇಳಿ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಭರತ ಎಷ್ಟು ಎತ್ತರವೋ ಇಳಿತವೂ ಅಷ್ಟೇ ಜೋರು. ಒಳಗೆ ತುಂಬಿದ ನೀರೆಲ್ಲ ಆ ಒಂದು ಬಾಯಿಂದ ಹೊರಗೆ ಓಡುತ್ತದೆ, ಎದುರಿಂದ ಕಡಲಿನ ಅಲೆ ಬರುತ್ತದೆ, ಎರಡೂ ಡಿಕ್ಕಿ ಹೊಡೆದಲ್ಲಿ ಅಲೆ ಎದ್ದು ನಿಲ್ಲುತ್ತದೆ. ಹೂಳು ತುಂಬಿದ ಆ ಅಳಿವೆಗೆ ಹುಟ್ಟಿದಾಗಿನಿಂದ ಮೀನು ಹಿಡಿಯುವವರೇ ಹೆದರುತ್ತಾರೆ. ನಮ್ಮ ಬೋಟನ್ನು ನೀರು ಎಳೆದುಕೊಂಡು ಹೋಗುತ್ತಿತ್ತು. ತಿರುಗಿಸಿ ಇಂಜಿನ್ ಪೂರ್ತಿ ಕೊಟ್ಟರೂ ದಡದ ತೆಂಗಿನಮರಗಳು ಇದ್ದಲ್ಲೇ ಇವೆ, ನಾವು ಮುಂದಕ್ಕೆ ಹೋಗುತ್ತಲೇ ಇಲ್ಲ. ಲೈಫ್ ಜಾಕೆಟ್ ಕೊಡು ಅಂದರೆ, ಸೀಟಿನಡಿ ಹಗ್ಗದಲ್ಲಿ ಕಟ್ಟಿಟ್ಟಿದ್ದಾರೆ! ಗಂಟು ಬಿಚ್ಚಲು ಬರುತ್ತಿಲ್ಲ. ಬಿಚ್ಚಿದರೆ ನನಗೆ ಸಿಕ್ಕಿದ್ದಕ್ಕೆ ಬಕಲ್ಲೇ ಇಲ್ಲ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರುವಾಗ ಬೋಟು ಮಗುಚಿ 16 ಜನ ಸತ್ತರು. ಅದೂ ಇದೇ ಜಿಲ್ಲೆ. ಇವರಿಗೆ ಅದೂ ನೆನಪಿಲ್ಲವೇ?

ಹೇಗೋ ಬಂದು ಮುಟ್ಟಿದೆವು. ಒಬ್ಬ ಗೆಳೆಯ ದಡಕ್ಕಿಳಿದವನೇ ವಾಂತಿ ಮಾಡಿಕೊಂಡ. ದುಡ್ಡು ವಾಪಸ್ ಕೇಳಿದ್ದಕ್ಕೆ ಬಂದ ಮೆಸೇಜ್: "ಬೋಟು ಹೋಗಿದೆಯಲ್ಲ ಸರ್, ರಿಫಂಡ್ ಬರೂದಿಲ್ಲ." ಭರತಕ್ಕೆ ಅಂತ ತೆಗೆದುಕೊಂಡ ಆ ಸಾವಿರವನ್ನಾದರೂ ಕೊಡಿ ಅಂದೆ. "ಅಳಿವೆ ಎಕ್ಸ್ಟ್ರಾ ತೋರಿಸಿದ್ದಕ್ಕೆ ನಾನು ಚಾರ್ಜ್ ಮಾಡಿಲ್ಲ." ಆಮೇಲೆ ಒಂದು ಕೈಮುಗಿಯುವ ಇಮೋಜಿ. ಆ ಇಮೋಜಿ ನೋಡಿ ಮೈಯೆಲ್ಲ ಉರಿಯಿತು.

ಎಲ್ಲರೂ ಹೀಗೆ ಅಂತ ಹೇಳುತ್ತಿಲ್ಲ, ಪಕ್ಕದ ಧಕ್ಕೆಯವರು ಮರ್ಯಾದಸ್ಥರು ಅಂತ ಆಮೇಲೆ ಕೇಳಿದೆ. ಆದರೂ ಹೋಗುವವರು ಆ ದಿನದ ಭರತ, ಇಳಿತದ ಹೊತ್ತನ್ನು ಮೊಬೈಲಲ್ಲಿ ನೀವೇ ನೋಡಿಕೊಳ್ಳಿ. ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತಿರುತ್ತದೆ, ಹೋದ ವಾರ ಹೋದವರ ಟೈಮು ನಿಮಗೆ ಉಪಯೋಗವಿಲ್ಲ. ಒಂದು ಗಂಟೆ ತಡವಾದರೆ ಹತ್ತಲೇಬೇಡಿ. ಜಾಕೆಟ್ಟಿನ ಬಕಲ್ ದಡದಲ್ಲೇ ಹಾಕಿ ನೋಡಿ. ಇಳಿತದಲ್ಲಿ ಅಳಿವೆ ತೋರಿಸ್ತೇನೆ ಅಂದವನಿಗೆ ದೊಡ್ಡ ನಮಸ್ಕಾರ ಹಾಕಿ. ಮತ್ತೆ, ಬಾಕಿ ದುಡ್ಡು ಇಳಿದ ಮೇಲೆ ಕೊಡಿ, ಇಳಿದ ಮೇಲೇ. ಪೂರ್ತಿ ಕೈಗೆ ಬಂದಿತ್ತು ನೋಡಿ, ಆ ಇಮೋಜಿಯಾದ ಮೇಲೆ ಅವನು ನನ್ನ ಒಂದು ಫೋನೂ ಎತ್ತಿಲ್ಲ.