ಟವೆಲ್ ರಾಡನ್ನು ನಂಬಿ ಅಪ್ಪಯ್ಯ ಬಿದ್ದರು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ವಯಸ್ಸಾದವರಿಗೆಂದು ಮನೆ ರಿಪೇರಿ ಮಾಡಿಸಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕೆಲಸ ಮಾಡಿದವರ ಹೆಸರು ಹೇಳುವುದಿಲ್ಲ. ನಮಗಾದದ್ದು ಇನ್ನೊಂದು ಮನೆಯಲ್ಲಿ ಆಗಬಾರದು, ಅಷ್ಟೇ.

ಲಕ್ವ ಹೊಡೆದು ಎಡಗೈ, ಎಡಗಾಲು ಸೋತ ಮೇಲೆ ಅಪ್ಪಯ್ಯನಿಗೆ ಹಿತ್ತಿಲ ಬಚ್ಚಲಿಗೆ ಹೋಗಿಬರುವುದು ಆಗುತ್ತಿರಲಿಲ್ಲ. ಮಲಗುವ ಕೋಣೆಗೇ ಹೊಂದಿಸಿ ಒಂದು ಬಾತ್‌ರೂಮ್, ಜಗಲಿಗೊಂದು ರ‍್ಯಾಂಪ್ ಆಗಲಿ ಅಂತ ಶಿವಮೊಗ್ಗದ ಇಂಟೀರಿಯರ್ ಡಿಸೈನರ್ ಒಬ್ಬರಿಗೆ ಕೆಲಸ ಒಪ್ಪಿಸಿದೆವು. ಲ್ಯಾಪ್‌ಟಾಪಿನಲ್ಲಿ ತೋರಿಸಿದ ಚಿತ್ರ ಬಹಳ ಚಂದವಿತ್ತು. ಬಿಳಿ ನೆಲ, ಬಿಳಿ ಗೋಡೆ, ಬಿಳಿ ಕಮೋಡ್. ಮುಕ್ಕಾಲು ಪಾಲು ದುಡ್ಡು ಮೊದಲೇ ಕೊಟ್ಟೆ. ಅವರು ಎರಡು ಸಲ ಬಂದು ಗೋಡೆ ಅಳೆದರು. ಅಪ್ಪಯ್ಯನ ವೀಲ್‌ಚೇರ್ ಅಳೆಯಲಿಲ್ಲ, ಯಾವ ಕೈಯಲ್ಲಿ ಶಕ್ತಿಯಿದೆ ಅಂತ ಕೇಳಲೂ ಇಲ್ಲ.

ನಮ್ಮ ಜಗಲಿ ಅಂಗಳದಿಂದ ಒಂದೂವರೆ ಅಡಿ ಎತ್ತರ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಪ್ರಕಾರ ಒಂದಡಿ ಎತ್ತರಕ್ಕೆ ರ‍್ಯಾಂಪ್ ಕನಿಷ್ಠ 12 ಅಡಿ ಉದ್ದ ಬೇಕು, ಅಂದರೆ ನಮಗೆ 18 ಅಡಿ. ಅವರು ಮಾಡಿದ್ದು 6 ಅಡಿ, ಅದರ ಮೇಲೆ ಪಾಲಿಶ್ ಗ್ರಾನೈಟ್. ಆರಿದ್ರಾ ಮಳೆಗೇ ಹಾವಸೆ ಕಟ್ಟಿತು. ವೀಲ್‌ಚೇರ್ ಹಾಗಿರಲಿ, ನಾನೇ ಅದರ ಮೇಲೆ ಕಾಲಿಡಲು ಹೆದರುತ್ತಿದ್ದೆ.

ಪುನರ್ವಸು ಮಳೆ ಹಿಡಿದಿದ್ದ ಒಂದು ಬೆಳಗಿನ ಜಾವ ದಡ್ ಎಂದು ಸದ್ದು ಕೇಳಿತು. ಕಮೋಡಿನಿಂದ ಏಳುವಾಗ ಅಪ್ಪಯ್ಯ ಪಕ್ಕದ ಸ್ಟೀಲ್ ರಾಡ್ ಹಿಡಿದಿದ್ದಾರೆ. "ಯಜಮಾನ್ರು ಧೈರ್ಯವಾಗಿ ಹಿಡ್ಕೊಳ್ಳಲಿ, ಅವರಿಗೇ ಅಂತ ಹಾಕಿದ್ದು" ಎಂದು ಡಿಸೈನರೇ ಅವರಿಗೆ ತೋರಿಸಿಕೊಟ್ಟಿದ್ದರು. ಅದು ಬರೀ ಟವೆಲ್ ರಾಡು. ಇದ್ದದ್ದೂ ಸೋತ ಎಡಗೈ ಬದಿಗೆ. ಬಲಗೈಯನ್ನು ಅಡ್ಡ ಚಾಚಿ ಎಳೆಯಬೇಕಾಗಿತ್ತು. ನಮ್ಮದು ಜಂಬಿಟ್ಟಿಗೆ ಗೋಡೆ. ಆ ತೂತು ತೂತಿನ ಕಲ್ಲಿನಲ್ಲಿ ಸಣ್ಣ ಸ್ಕ್ರೂ ಎಷ್ಟು ಹಿಡಿದೀತು? ರಾಡು ಟೈಲ್ಸ್ ಸಮೇತ ಕಿತ್ತು ಬಂತು.

ಬಾಗಿಲು ಒಳಕ್ಕೆ ತೆರೆಯುವಂಥದ್ದು. ಅಪ್ಪಯ್ಯ ಅದಕ್ಕೇ ಅಡ್ಡವಾಗಿ ಬಿದ್ದಿದ್ದರು. ಚಿಲಕ ಹಾಕಿರಲಿಲ್ಲ, ಆದರೂ ತಳ್ಳಿದಷ್ಟೂ ಅವರ ಸೊಂಟಕ್ಕೇ ಒತ್ತುತ್ತಿತ್ತು. "ತಳ್ಳಬೇಡ ಮಗಾ" ಅಂದರು. ಆಮೇಲೆ ನರಳಾಟ ಮಾತ್ರ. ಪಕ್ಕದ ಮನೆಯ ಹುಡುಗ ವೆಂಟಿಲೇಟರಿನ ಗಾಜು ಬಿಚ್ಚಿ ಒಳಗಿಳಿದು ಅವರನ್ನು ಸರಿಸುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿತ್ತು. ಅಷ್ಟು ಹೊತ್ತೂ ಅಮ್ಮ ಬಾಗಿಲಡಿಯ ಸಂದಿಯಲ್ಲಿ ಬೆರಳು ತೂರಿಸಿ ಅವರ ಪಂಚೆಯ ಅಂಚು ಹಿಡಿದು ಕೂತಿದ್ದಳು. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು.

ಆಪರೇಷನ್ ಆಗಿ ಅವರು ಮನೆಗೆ ಬರುವಷ್ಟರಲ್ಲಿ ಎಲ್ಲ ಒಡೆಸಿದೆ. ಈಗ ಬಾಗಿಲು ಹೊರಕ್ಕೆ ತೆರೆಯುತ್ತದೆ, ಚೌಕಟ್ಟಿನೊಳಗೆ ಪೂರಾ 3 ಅಡಿ ಜಾಗ. ಒಳಗೆ ವೀಲ್‌ಚೇರ್ ತಿರುಗಿಸಲು ಐದಡಿಗೆ ಐದಡಿ ಖಾಲಿ. ಹೊಸಿಲು ತೆಗೆಸಿ, ನೀರು ಮೂಲೆಗೆ ಹರಿಯುವ ಹಾಗೆ ವಾಟ ಕೊಡಿಸಿದ್ದೇನೆ. ನೆಲಕ್ಕೆ ಒರಟು ಟೈಲ್ಸ್. ಕಮೋಡಿನ ಹಿಂದಿನ ಗೋಡೆ ಕಡು ಹಸಿರು, ಮಬ್ಬುಗಣ್ಣಿಗೂ ಬಿಳಿ ಅಂಚು ಕಾಣುತ್ತದೆ. ಹಿಡಿಕೆ ಬಲಬದಿಗೆ, ಗೋಡೆಯ ಆಚೆ ಕಬ್ಬಿಣದ ಪ್ಲೇಟ್ ಕೊಟ್ಟು ಬೋಲ್ಟ್ ಬಿಗಿಸಿದ್ದು. ನಾನೇ ಜೋತುಬಿದ್ದು ನೋಡಿದೆ.

ಚಂದ ಬೇಡ ಅನ್ನುತ್ತಿಲ್ಲ. ಮಂಚದಿಂದ ಬಾತ್‌ರೂಮಿನ ತನಕ ಗೋಡೆಗೆ ನಮ್ಮೂರ ಆಚಾರ್ರು ಹಲಸಿನ ಮರದ ಹಿಡಿಕೆ ಮಾಡಿಕೊಟ್ಟಿದ್ದಾರೆ. ಅಂಗೈಗೆ ಸರಿಯಾಗಿ ಕೂರುವಷ್ಟು ದಪ್ಪ, ಜೇನಿನ ಬಣ್ಣ. ಮನೆಗೆ ಬಂದವರೆಲ್ಲ ಮೊದಲು ಮುಟ್ಟಿ ನೋಡುವುದು ಅದನ್ನೇ.

ಕೆಲಸ ಕೊಡುವವರು ದುಡ್ಡನ್ನು ಕಂತಿನಲ್ಲಿ ಕೊಡಿ. ಯಾರಿಗಾಗಿ ಮಾಡಿಸಿದ್ದೋ ಅವರೇ, ಪಕ್ಕದಲ್ಲಿ ಒಬ್ಬರನ್ನು ಇಟ್ಟುಕೊಂಡು, ಮಂಚದಿಂದ ಕಮೋಡಿಗೆ ಹೋಗಿ ಕೂತು, ಎದ್ದು ವಾಪಸು ಬರಲಿ. ಡಿಸೈನರ್ ಅಲ್ಲೇ ನಿಂತು ನೋಡಲಿ. ಕೊನೆಯ ಕಂತು ಅದಾದ ಮೇಲೆ.