ಶ್ಯಾಡೋಯಿಂಗ್‌ಗೆ ಯಾವ ಶೋ ಆಗುತ್ತೆ: ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಎರಡು ವರ್ಷ ಬಳಸಿದ ಮೇಲೆ

ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನವರ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಕಾರ್ಯಕ್ರಮವನ್ನು ಎರಡು ವರ್ಷದಿಂದ ಬಳಸುತ್ತಿದ್ದೇನೆ. ಸುಮ್ನೆ ಕೇಳುವುದಕ್ಕಲ್ಲ, ಅದರ ಜೊತೆಗೇ ಬಾಯಿಬಿಟ್ಟು ಮಾತಾಡುವುದಕ್ಕೆ. ಇದಕ್ಕೆ ಶ್ಯಾಡೋಯಿಂಗ್ ಅಂತಾರೆ. ದುಭಾಷಿಗಳ ತರಬೇತಿಯಲ್ಲಿ ಬಹಳ ಕಾಲದಿಂದ ಇರುವ ಅಭ್ಯಾಸ. ಕಿವಿಗೆ ಬಿದ್ದ ಮಾತನ್ನು, ಒಂದೆರಡು ಪದದಷ್ಟು ಹಿಂದೆ ಇದ್ದುಕೊಂಡು, ಅದೇ ಏರಿಳಿತದಲ್ಲಿ ಜೋರಾಗಿ ಹೇಳುತ್ತಾ ಹೋಗಬೇಕು. ನಡುವೆ ನಿಲ್ಲಿಸಬಾರದು. ಈ ಎರಡು ವರ್ಷದಲ್ಲಿ ಬೇರೆ ಶೋಗಳನ್ನೂ ಇದಕ್ಕೇ ಬಳಸಿ ನೋಡಿದ್ದೇನೆ, ಯಾವುದು ಯಾತಕ್ಕೆ ಆಗುತ್ತದೆ, ಯಾವುದು ಆಗಲ್ಲ ಅನ್ನುವುದು ಈಗ ಸಾಕಷ್ಟು ಸ್ಪಷ್ಟವಾಗಿದೆ.

ನನ್ನ ವಿಷಯ ಸ್ವಲ್ಪ ಹೇಳಿದರೆ ಇದು ನಿಮಗೆ ಹೊಂದುತ್ತದೋ ಇಲ್ಲವೋ ಗೊತ್ತಾಗುತ್ತದೆ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಈಗ ಬೆಂಗಳೂರಿನಲ್ಲಿ ಕೆಲಸ, ಹೊರದೇಶದ ಕ್ಲೈಂಟ್‌ಗಳ ಜೊತೆ ಆಗಾಗ ಕಾಲ್ ಇರುತ್ತದೆ. ಓದಿದರೆ ಅರ್ಥ ಆಗುತ್ತದೆ, ಇಮೇಲ್ ಬರೆಯುವುದಕ್ಕೂ ತೊಂದರೆ ಇಲ್ಲ. ಮಾತಿಗೆ ಬಂದಾಗ ಮಾತ್ರ ವಾಕ್ಯ ತಲೆಯಲ್ಲಿ ತಯಾರಾಗಿ ಬಾಯಿಗೆ ಬರುವಷ್ಟರಲ್ಲಿ ಎದುರಿನವರು ಮುಂದಿನ ವಿಷಯಕ್ಕೆ ಹೋಗಿಬಿಟ್ಟಿರುತ್ತಾರೆ. ಕನ್ನಡ ಮೀಡಿಯಂನಿಂದ ಬಂದ ಎಷ್ಟೋ ಜನರಿಗೆ ಇದೇ ಕಷ್ಟ, ಅಲ್ವಾ? ಇನ್ನೊಂದು ವ್ಯಾಕರಣದ ಪುಸ್ತಕ ಓದಿದರೆ ಇದು ಹೋಗಲ್ಲ. ನಾಲಿಗೆಗೆ ಅಭ್ಯಾಸ ಆಗಬೇಕು.

ವಿಡಿಯೊ ಆರಿಸುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ವಾಕ್ಯವನ್ನು ನಾಳೆ ನಾನೇ ಯಾರಿಗಾದರೂ ಹೇಳುವ ಸಂದರ್ಭ ಬರುತ್ತದಾ? ಬರುತ್ತದೆ ಅಂದರೆ ಆ ವಿಡಿಯೊ ಬೇಕು. ಬರಲ್ಲ ಅಂದರೆ ಅದು ಎಷ್ಟೇ ಚೆನ್ನಾಗಿರಲಿ, ನೋಡಿ ಖುಷಿಪಡುವುದಕ್ಕೆ ಇಟ್ಟುಕೊಳ್ಳಿ, ಶ್ಯಾಡೋಯಿಂಗ್‌ಗೆ ಬೇಡ. ಆಕ್ಸೆಂಟ್ ಬ್ರಿಟಿಷಾ ಅಮೆರಿಕನ್ನಾ ಅನ್ನುವುದಕ್ಕೆ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಆಮೇಲಿನ ಮಾತು.

‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಈ ಪ್ರಶ್ನೆಗೆ ಚೆನ್ನಾಗಿ ನಿಲ್ಲುತ್ತದೆ. ಹೆಸರೇ ಹೇಳುವ ಹಾಗೆ ಸುಮಾರು ಆರು ನಿಮಿಷ. ಇಬ್ಬರು ನಿರೂಪಕರು ಒಂದು ವಿಷಯ ಹಿಡಿದು ಮಾತಾಡುತ್ತಾರೆ, ನಿದ್ದೆ, ಊಟ, ಟ್ರಾಫಿಕ್, ಕೃತಕ ಬುದ್ಧಿಮತ್ತೆ, ಹೀಗೆ ಏನಾದರೂ ಇರಬಹುದು. ಶುರುವಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಮೂರು ಆಯ್ಕೆ ಇರುವ ಪ್ರಶ್ನೆ ಕೇಳುತ್ತಾರೆ, ಉತ್ತರ ಕೊನೆಗೆ ಬರುತ್ತದೆ. ನಡುವೆ ಬಿಬಿಸಿಯ ಬೇರೆ ರೇಡಿಯೊ ಕಾರ್ಯಕ್ರಮಗಳಿಂದ ತೆಗೆದ ತುಣುಕುಗಳಲ್ಲಿ ಯಾರೋ ತಜ್ಞರು ಮಾತಾಡುತ್ತಾರೆ. ಕೊನೆಯಲ್ಲಿ ಆ ದಿನದ ಆರು ಪದಗಳನ್ನು ಮತ್ತೆ ನೆನಪಿಸುತ್ತಾರೆ. ಎಲ್ಲಾ ಉಚಿತ, ಜಾಲತಾಣದಲ್ಲಿ ಆಡಿಯೊ ಜೊತೆ ಪಿಡಿಎಫ್ ಬರಹವೂ ಸಿಗುತ್ತದೆ.

ನನಗೆ ಇದರಲ್ಲಿ ಚಿನ್ನ ಅನ್ನಿಸುವುದು ಆ ಆರು ಪದಗಳಲ್ಲ. ಶುರುವಿನ ಒಂದೂವರೆ ಎರಡು ನಿಮಿಷ. ಆ ಭಾಗದಲ್ಲಿ ಇಬ್ಬರೂ ಒಬ್ಬರ ಮಾತಿಗೆ ಇನ್ನೊಬ್ಬರು ಸ್ಪಂದಿಸುತ್ತಾರೆ. ‘ವೆಲ್, ಐ ಥಿಂಕ್’ ಅಂತ ಶುರು ಮಾಡುವುದು, ‘ಓ, ರಿಯಲಿ?’ ಅಂತ ದನಿ ಏರಿಸುವುದು, ಒಪ್ಪದಿದ್ದಾಗ ಸೌಮ್ಯವಾಗಿ ‘ಐಮ್ ನಾಟ್ ಸೋ ಶುವರ್’ ಅನ್ನುವುದು. ಕಾಲ್‌ನಲ್ಲಿ ನಮಗೆ ಬೇಕಾಗಿರುವುದು ಇವೇ. ವಿಷಯದ ಪದಗಳು ನಮಗೆ ಗೊತ್ತಿರುತ್ತವೆ, ಅವನ್ನು ಕಟ್ಟುವ ಈ ಸಣ್ಣ ಸಣ್ಣ ಮಾತುಗಳು ತಕ್ಷಣ ಬಾಯಿಗೆ ಬರಲ್ಲ. ಹಾಗಾಗಿ ನಾನು ಪೂರ್ತಿ ಎಪಿಸೋಡ್ ಶ್ಯಾಡೋ ಮಾಡುವುದೇ ಇಲ್ಲ. ಮೊದಲು ಒಮ್ಮೆ ಪೂರ್ತಿ ಕೇಳುತ್ತೇನೆ, ಆಮೇಲೆ ಬರಹ ನೋಡುತ್ತಾ ಶುರುವಿನ ಭಾಗದ ಜೊತೆ ಹೇಳುತ್ತೇನೆ, ಕೊನೆಗೆ ಬರಹ ಮುಚ್ಚಿಟ್ಟು ಬರೀ ಕಿವಿ ನಂಬಿ ಹೇಳುತ್ತೇನೆ. ಒಂದೇ ತುಣುಕು ನಾಲ್ಕೈದು ದಿನ ಓಡುತ್ತದೆ. ಹೊಸ ಎಪಿಸೋಡ್‌ಗೆ ಅವಸರ ಪಡುವವರಿಗೆ ಇದರಿಂದ ಪ್ರಯೋಜನ ಕಡಿಮೆ.

ಒಂದು ವಿಷಯ ಗಮನಿಸಿ. ಆ ಪಿಡಿಎಫ್‌ನಲ್ಲಿ ಇದು ಪದಪದಕ್ಕೂ ಸರಿಯಾದ ಬರಹ ಅಲ್ಲ ಅಂತ ಅವರೇ ಬರೆದಿರುತ್ತಾರೆ. ಅಲ್ಲೊಂದು ಇಲ್ಲೊಂದು ಪದ ಬೇರೆ ಇರಬಹುದು. ಅಂಥ ಕಡೆ ಕಿವಿಗೆ ಕೇಳಿದ್ದನ್ನೇ ಹೇಳಿ, ಕಾಗದದಲ್ಲಿ ಇರುವುದನ್ನಲ್ಲ.

ಈಗ ಕನ್ನಡದ ಬಾಯಿಯ ವಿಷಯ. ಈ ಅಭ್ಯಾಸ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇಲ್ಲೇ. ನಮ್ಮ ಮಾತು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತದೆ, ಹಾಗಾಗಿ ‘ಬಸ್’ ಅನ್ನುವುದು ‘ಬಸ್ಸು’ ಆಗುತ್ತದೆ, ‘ಡೋರ್’ ಅನ್ನುವುದು ‘ಡೋರು’. ‘ಎನಿ’ ಅನ್ನುವುದು ‘ಯೆನಿ’, ‘ಓನ್ಲಿ’ ಅನ್ನುವುದು ‘ವೋನ್ಲಿ’. ಇವು ತಪ್ಪು ಅಂತ ನಾನು ಹೇಳಲ್ಲ, ಕೇಳುವವರಿಗೆ ಅರ್ಥ ಆಗಿಯೇ ಆಗುತ್ತದೆ. ನಿಜವಾದ ತೊಡಕು ಲಯದಲ್ಲಿದೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಗುತ್ತದೆ. ಇಂಗ್ಲಿಷ್‌ನಲ್ಲಿ ಒತ್ತು ಬಿದ್ದ ಭಾಗ ಉದ್ದವಾಗಿ ನಿಲ್ಲುತ್ತದೆ, ಉಳಿದದ್ದು ನುಂಗಿಹೋಗುತ್ತದೆ. ‘ಕಂಫರ್ಟೇಬಲ್’ ಅಂತ ನಾವು ನಾಲ್ಕೂ ಭಾಗ ಬಿಡಿಸಿ ಹೇಳುತ್ತೇವೆ, ಅವರು ‘ಕಂಫ್ಟಬಲ್’ ಅಂತ ಮುಗಿಸುತ್ತಾರೆ. ‘ಫೋಟೊಗ್ರಾಫ್’ನಲ್ಲಿ ಒತ್ತು ಮೊದಲ ಭಾಗಕ್ಕೆ, ‘ಫೊಟಾಗ್ರಫಿ’ಯಲ್ಲಿ ಎರಡನೆಯದಕ್ಕೆ. ಇದನ್ನು ನಿಯಮವಾಗಿ ಕಲಿತರೆ ಮಾತಾಡುವಾಗ ನೆನಪಿಗೆ ಬರಲ್ಲ. ಜೊತೆಜೊತೆಗೆ ಹೇಳಿದರೆ ಮಾತ್ರ ಬರುತ್ತದೆ, ಯಾಕೆಂದರೆ ಎಲ್ಲಾ ಅಕ್ಷರ ಬಿಡಿಸಿ ಹೇಳುತ್ತಾ ಕೂತರೆ ನಿರೂಪಕರು ಮುಂದೆ ಹೋಗಿಬಿಡುತ್ತಾರೆ. ಅವರ ವೇಗ ಹಿಡಿಯಬೇಕಾದರೆ ನುಂಗಲೇಬೇಕು.

ಪದಗಳು ಸೇರಿಕೊಳ್ಳುವುದು ಮಾತ್ರ ನಮಗೆ ಸಲೀಸು. ‘ಪಿಕ್ ಇಟ್ ಅಪ್’ ಅವರ ಬಾಯಲ್ಲಿ ‘ಪಿಕಿಟಪ್’ ಆಗುತ್ತದೆ. ಕನ್ನಡದಲ್ಲಿ ನಾವು ‘ಮಾತು ಇಲ್ಲ’ ಅನ್ನುವುದನ್ನು ‘ಮಾತಿಲ್ಲ’ ಅನ್ನಲ್ವಾ, ಹಾಗೆಯೇ. ಶಾಲೆಯಲ್ಲಿ ಲೋಪಸಂಧಿ ಕಲಿತ ಕಿವಿಗೆ ಇದು ಬೇಗ ಹತ್ತುತ್ತದೆ. ಇದಕ್ಕೆಂದೇ ಬಿಬಿಸಿಯವರದೇ ‘ಟಿಮ್ಸ್ ಪ್ರನನ್ಸಿಯೇಷನ್ ವರ್ಕ್‌ಶಾಪ್’ ಅನ್ನುವ ಸಣ್ಣ ವಿಡಿಯೊಗಳಿವೆ, ಒಂದೊಂದರಲ್ಲಿ ಒಂದೊಂದು ಸೇರಿಕೆ ತೋರಿಸುತ್ತಾರೆ. ಒಮ್ಮೆ ನೋಡಿದರೆ ಆಮೇಲೆ ಎಲ್ಲಾ ಕಡೆ ಅದು ಕೇಳಿಸತೊಡಗುತ್ತದೆ. ಬರೀ ದನಿಯಿಂದ ಬಗೆಹರಿಯದ ಒಂದು ತೊಡಕು ಇದೆ. ನಮ್ಮ ‘ವ’ಕಾರ ಒಂದೇ, ಇಂಗ್ಲಿಷ್‌ನಲ್ಲಿ ಎರಡಿವೆ. ‘ವೆರಿ’ ಅನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ‘ವರಿ’ ಅನ್ನುವಾಗ ತುಟಿ ದುಂಡಾಗಬೇಕು. ಇದಕ್ಕೆ ಮಾತಾಡುವವರ ಬಾಯಿ ಕಾಣುವ ವಿಡಿಯೊನೇ ಬೇಕು.

ಕೊರತೆಗಳೂ ಇವೆ. ಇದು ಬರೆದಿಟ್ಟುಕೊಂಡು ಆಡುವ ಸಂಭಾಷಣೆ. ಯಾರೂ ತೊದಲಲ್ಲ, ಒಬ್ಬರ ಮೇಲೆ ಒಬ್ಬರು ಬಿದ್ದು ಮಾತಾಡಲ್ಲ, ಮಾತು ಅರ್ಧಕ್ಕೆ ಬಿಟ್ಟು ಬೇರೆ ಕಡೆ ತಿರುಗಲ್ಲ. ನಿಜವಾದ ಮೀಟಿಂಗ್ ಹಾಗಿರಲ್ಲ. ತಜ್ಞರ ತುಣುಕುಗಳು ಸಹಜ ಮಾತೇ, ಆದರೆ ವೇಗ ಜಾಸ್ತಿ, ವಾಕ್ಯಗಳು ಉದ್ದ, ಒಬ್ಬೊಬ್ಬರ ಉಚ್ಚಾರ ಒಂದೊಂದು ಥರ. ಅವನ್ನು ಕೇಳುವುದಕ್ಕೆ ಮಾತ್ರ ಇಟ್ಟುಕೊಳ್ಳಿ. ಕೊನೆಯ ಪದಪಟ್ಟಿಯನ್ನು ಶ್ಯಾಡೋ ಮಾಡುವುದರಲ್ಲಿ ಅರ್ಥ ಇಲ್ಲ, ಅರ್ಥ ವಿವರಿಸುವ ದನಿಯಲ್ಲಿ ನಾವು ಯಾರ ಜೊತೆಗೂ ಮಾತಾಡಲ್ಲ.

ಬೇರೆ ಶೋಗಳು. ಎಲ್ಲರೂ ಮೊದಲು ಹೇಳುವ ಹೆಸರು ಅಮೆರಿಕದ ಕಾಮಿಡಿ ಸರಣಿ ‘ಫ್ರೆಂಡ್ಸ್’. 1994ರಿಂದ 2004ರವರೆಗೆ ಬಂದ 10 ಸೀಸನ್, 236 ಎಪಿಸೋಡ್, ಸಾಮಗ್ರಿಗೆ ಬರ ಇಲ್ಲ. ಮಾತು ಮನೆ, ಕೆಲಸ, ಸ್ನೇಹದ ಸುತ್ತಲೇ ಇರುವುದರಿಂದ ನನ್ನ ಪ್ರಶ್ನೆಗೆ ಅರ್ಧ ಪಾಸ್. ನಟರು ಪ್ರೇಕ್ಷಕರ ನಗು ಮುಗಿಯಲಿ ಅಂತ ನಿಲ್ಲುತ್ತಾರೆ, ಆ ಬಿಡುವಿನಲ್ಲಿ ನಾವು ವಾಕ್ಯ ಮುಗಿಸಿಕೊಳ್ಳಬಹುದು, ಅದು ಒಳ್ಳೆಯದೇ. ಆದರೆ ಆರು ಜನ ಒಂದೇ ಸೋಫಾ ಸುತ್ತ ಮಾತಾಡುವ ದೃಶ್ಯದಲ್ಲಿ ಯಾರನ್ನು ಹಿಂಬಾಲಿಸಬೇಕು ಅನ್ನುವುದೇ ಗೊತ್ತಾಗಲ್ಲ. ಇಬ್ಬರೇ ಇರುವ ದೃಶ್ಯ ಹುಡುಕಿ, ಒಬ್ಬರ ಪಾತ್ರ ಮಾತ್ರ ಹಿಡಿದುಕೊಳ್ಳಿ. ಆ ವ್ಯಂಗ್ಯದ ದನಿಯನ್ನು ಆಫೀಸಿಗೆ ತರಬೇಡಿ, ಅಲ್ಲಿ ಅದು ಒರಟಾಗಿ ಕೇಳುತ್ತದೆ.

‘ಪೆಪ್ಪಾ ಪಿಗ್’ ಮಕ್ಕಳದು ಅಂತ ದೂರ ಇಡಬೇಡಿ. ಐದು ನಿಮಿಷದ ಕಥೆ, ಪುಟ್ಟ ವಾಕ್ಯಗಳು, ಸ್ಪಷ್ಟ ಬ್ರಿಟಿಷ್ ಉಚ್ಚಾರ. ನಿರೂಪಕನ ದನಿ ಮತ್ತು ಅಪ್ಪ ಅಮ್ಮನ ಮಾತು ಹಿಡಿಯಿರಿ, ಮಕ್ಕಳ ಕೀಚು ದನಿ ಬಿಡಿ. ಮನೆಯಲ್ಲಿ ಮಗು ಇದ್ದರಂತೂ ಇಬ್ಬರಿಗೂ ಆಗುತ್ತದೆ. ನ್ಯೂಸ್ ಚಾನೆಲ್ ಮಾತ್ರ ಬೇಡವೇ ಬೇಡ. ಸುದ್ದಿ ಓದುವ ದನಿ ಬೇರೆ, ಮಾತಿನ ದನಿ ಬೇರೆ.

ಟೆಡ್ ಭಾಷಣಗಳು ಪ್ರೆಸೆಂಟೇಷನ್ ಕೊಡುವವರಿಗೆ ಬಹಳ ಒಳ್ಳೆಯವು. 18 ನಿಮಿಷದ ಮಿತಿ ಇರುವುದರಿಂದ ಎಳೆದಾಟ ಇಲ್ಲ. ಅವರ ಜಾಲತಾಣದಲ್ಲಿ ಬರಹದ ಯಾವುದೇ ವಾಕ್ಯ ಒತ್ತಿದರೆ ವಿಡಿಯೊ ಅಲ್ಲಿಗೇ ಹೋಗುತ್ತದೆ, ಒಂದೇ ವಾಕ್ಯ ಮತ್ತೆ ಮತ್ತೆ ಹೇಳುವುದಕ್ಕೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಮ್ಮ ರಾಹುಲ್ ದ್ರಾವಿಡ್. 2011ರ ಡಿಸೆಂಬರ್‌ನಲ್ಲಿ ಕ್ಯಾನ್ಬೆರಾದಲ್ಲಿ ಅವರು ಬ್ರಾಡ್ಮನ್ ಉಪನ್ಯಾಸ ಕೊಟ್ಟರು, ಆ ಗೌರವ ಸಿಕ್ಕಿದ, ಆಸ್ಟ್ರೇಲಿಯಾದವರಲ್ಲದ ಮೊದಲ ಕ್ರಿಕೆಟಿಗ ಅವರೇ. ಅದು ಬರೆದುಕೊಂಡು ಹೋದ ಭಾಷಣ. ಅದರ ಜೊತೆಗೆ ಅವರ ಪತ್ರಿಕಾಗೋಷ್ಠಿಗಳನ್ನೂ ಹುಡುಕಿ. ಅಲ್ಲಿ ಪ್ರಶ್ನೆ ಬಂದ ಮೇಲೆ ಯೋಚಿಸುತ್ತಾರೆ, ವಾಕ್ಯವನ್ನು ನಡುವೆ ತಿದ್ದಿಕೊಳ್ಳುತ್ತಾರೆ, ಒಪ್ಪದ ಮಾತಿಗೂ ಶಾಂತವಾಗಿ ಉತ್ತರ ಕೊಡುತ್ತಾರೆ. ಬಿಬಿಸಿಯಲ್ಲಿ ಸಿಗದ ತಡವರಿಕೆ, ತಿದ್ದುವಿಕೆ ಎಲ್ಲಾ ಅಲ್ಲಿದೆ. ಬೆಂಗಳೂರಿನಲ್ಲಿ ಬೆಳೆದವರ ಇಂಗ್ಲಿಷ್, ಜಗತ್ತಿನ ಎಲ್ಲಾ ಪತ್ರಕರ್ತರಿಗೂ ಅರ್ಥ ಆಗುತ್ತದೆ. ವಿದೇಶಿ ಉಚ್ಚಾರ ನಕಲು ಮಾಡಲು ಸಂಕೋಚ ಪಡುವವರು ಇಲ್ಲಿಂದಲೇ ಶುರು ಮಾಡಿ, ನಿಮ್ಮ ಬಾಯಿಗೆ ಅದು ಹತ್ತಿರವೂ ಹೌದು.

ಸಲಕರಣೆ ವಿಷಯಕ್ಕೆ ಬಂದರೆ, ಯೂಟ್ಯೂಬ್‌ನಲ್ಲಿ ವೇಗ 0.75ಕ್ಕೆ ಇಳಿಸಬಹುದು. ಅದಕ್ಕಿಂತ ಕಡಿಮೆ ಮಾಡಿದರೆ ದನಿ ಎಳೆದಂತಾಗಿ ಲಯವೇ ಹಾಳಾಗುತ್ತದೆ. ಕಂಪ್ಯೂಟರ್‌ನಲ್ಲಿ ಎಡ ಬಾಣದ ಕೀ ಒತ್ತಿದರೆ 5 ಸೆಕೆಂಡ್ ಹಿಂದೆ ಹೋಗುತ್ತದೆ, ಒಂದು ವಾಕ್ಯಕ್ಕೆ ಅಷ್ಟು ಸಾಕು. ಕ್ರೋಮ್ ಬ್ರೌಸರ್‌ನಲ್ಲಿ ‘ಲ್ಯಾಂಗ್ವೇಜ್ ರಿಯಾಕ್ಟರ್’ ಅನ್ನುವ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ನೆಟ್‌ಫ್ಲಿಕ್ಸ್ ಮತ್ತು ಯೂಟ್ಯೂಬ್‌ನಲ್ಲಿ ಸಬ್‌ಟೈಟಲ್‌ನ ಒಂದೊಂದು ಸಾಲಿಗೂ ಹಿಂದೆ ಮುಂದೆ ಹೋಗಬಹುದು. ತಾನಾಗಿ ಮೂಡುವ ಸಬ್‌ಟೈಟಲ್ ಪೂರ್ತಿ ನಂಬಬೇಡಿ, ಭಾರತೀಯ ಹೆಸರು, ಊರು ಬಂದರೆ ಏನೇನೋ ಬರುತ್ತದೆ. ವಾರಕ್ಕೊಮ್ಮೆ ನಿಮ್ಮ ದನಿಯನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಮೂಲದ ಪಕ್ಕ ಇಟ್ಟು ಕೇಳಿ. ಒತ್ತು ಎಲ್ಲಿ ತಪ್ಪುತ್ತಿದೆ ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ.

ಇಷ್ಟು ದಿನದಲ್ಲಿ ಏನು ಬದಲಾಯಿತು? ಮಾತು ಶುರು ಮಾಡುವಾಗಿನ ತಡ ಬಹಳ ಕಡಿಮೆಯಾಗಿದೆ. ‘ಜಸ್ಟ್ ಟು ಕ್ಲಾರಿಫೈ’, ‘ದಟ್ಸ್ ಅ ಗುಡ್ ಪಾಯಿಂಟ್’ ಅಂಥವು ಯೋಚಿಸದೆ ಬರುತ್ತವೆ, ಅವು ಬರುವಷ್ಟರಲ್ಲಿ ಮುಂದಿನ ವಾಕ್ಯಕ್ಕೆ ಸಮಯ ಸಿಗುತ್ತದೆ. ವೇಗದ ಮಾತು ಅರ್ಥ ಆಗುವುದೂ ಜಾಸ್ತಿಯಾಗಿದೆ. ಸ್ವಂತ ವಿಚಾರವನ್ನು ಇಂಗ್ಲಿಷ್‌ನಲ್ಲಿ ಕಟ್ಟುವುದನ್ನು ಮಾತ್ರ ಶ್ಯಾಡೋಯಿಂಗ್ ಕಲಿಸಲ್ಲ. ಅದಕ್ಕೆ ಕೇಳಿದ ಎಪಿಸೋಡ್‌ನ ವಿಷಯವನ್ನೇ ನನ್ನ ಮಾತಲ್ಲಿ ಎರಡು ನಿಮಿಷ ಹೇಳಿಕೊಳ್ಳುತ್ತೇನೆ, ಗೆಳತಿ ಸಿಕ್ಕರೆ ಅವಳಿಗೇ ಹೇಳುತ್ತೇನೆ.

‘ಸಿಕ್ಸ್ ಮಿನಿಟ್ ಇಂಗ್ಲಿಷ್’ಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಅದರ ವೇಗವೂ ಕಷ್ಟ ಅನ್ನಿಸುವವರಿಗೆ ವಾಯ್ಸ್ ಆಫ್ ಅಮೆರಿಕದ ಲರ್ನಿಂಗ್ ಇಂಗ್ಲಿಷ್‌ನ ಹಳೆಯ ವಿಡಿಯೊಗಳಿವೆ, 2025ರಲ್ಲಿ ಹೊಸವು ಬರುವುದು ನಿಂತಿತು. 1959ರಲ್ಲಿ ‘ಸ್ಪೆಷಲ್ ಇಂಗ್ಲಿಷ್’ ಅಂತ ಶುರುವಾದ ಪದ್ಧತಿ ಅದು, ಸುಮಾರು 1,500 ಪದಗಳನ್ನೇ ಆಧಾರವಾಗಿಟ್ಟುಕೊಂಡು ನಿಧಾನವಾಗಿ ಮಾತಾಡುತ್ತಿದ್ದರು. ಅಲ್ಲಿ ಶುರು ಮಾಡಿ, ಆದರೆ ಜಾಸ್ತಿ ದಿನ ಅಲ್ಲೇ ಉಳಿಯಬೇಡಿ. ಆ ನಿಧಾನ ಒಮ್ಮೆ ಬಾಯಿಗೆ ಅಂಟಿದರೆ ಬಿಡಿಸಿಕೊಳ್ಳಲು ಮತ್ತೆ ಅಷ್ಟೇ ದಿನ ಬೇಕು.