ಥಾಯ್ ಗ್ರೀನ್ ಕರಿಗೆ ಯಾವ ಕಾಯಿಹಾಲು? ಮನೆಯದ್ದೋ, ಟೆಟ್ರಾಪ್ಯಾಕೋ, ಪುಡಿಯೋ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಮನೆಯಲ್ಲಿ ತುರಿದು ಹಿಂಡಿದ ಕಾಯಿಹಾಲಿಗೆ. ಅದೂ ಗ್ರೀನ್ ಕರಿಗೆ ಮಾತ್ರ. ಬೇರೆ ಅಡುಗೆಗೆ ನನಗೆ ಇಷ್ಟು ಹಟ ಇಲ್ಲ.

ಆಫರ್ ಇತ್ತು ಅಂತ ಟೆಟ್ರಾಪ್ಯಾಕ್ ಕಾಯಿಹಾಲನ್ನು ಕಟ್ಟುಗಟ್ಟಲೆ ತರಿಸಿದ್ದೆ. ಹಾಲು ಗಟ್ಟಿ, ಬೆಳ್ಳಗೆ, ನೋಡೋಕೆ ಚೆನ್ನಾಗೇ ಇತ್ತು. ಬಾಣಲೆಗೆ ಸುರಿದು ಕುದಿಸಿದೆ. ಕುದಿಯಿತು. ಇನ್ನೂ ಕುದಿಯಿತು. ಬತ್ತಿ ಬತ್ತಿ ಗಂಜಿಯಂತಾಯಿತೇ ಹೊರತು ಒಂದು ತೊಟ್ಟು ಎಣ್ಣೆ ಬಿಡಲಿಲ್ಲ.

ಎಣ್ಣೆ ಯಾಕೆ ಬಿಡಬೇಕು ಅಂತೀರಾ? ನಮ್ಮ ಅಡುಗೆಯಲ್ಲಿ ಕಾಯಿಹಾಲು ಒಡೆಯಲೇಬಾರದು. ಪಾಯಸಕ್ಕೆ ಕೊನೆಗೆ ಹಾಕು, ಕುದಿ ಬರುವ ಮುಂಚೆ ಇಳಿಸು ಅಂತಲೇ ಮನೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಥಾಯ್ ಅಡುಗೆಯ ಹಳೆಯ ಕ್ರಮ ಇದರ ಉಲ್ಟಾ. ಮೊದಲ ಹಿಂಡಿನ ಗಟ್ಟಿ ಹಾಲನ್ನು ಕುದಿಸಿ, ನೀರು ಬತ್ತಿಸಿ, ಬೇಕಂತಲೇ ಒಡೆಸುತ್ತಾರೆ. ಬಿಟ್ಟ ಎಣ್ಣೆಯಲ್ಲೇ ಮಸಾಲೆ ಹುರಿಯುವುದು. ಬಾಣಲೆಯಲ್ಲಿ ನೀರಿರುವ ತನಕ ಬಿಸಿ 100 ಡಿಗ್ರಿ ಆಸುಪಾಸಿನಲ್ಲೇ ನಿಂತಿರುತ್ತದೆ. ಮಸಾಲೆ ಬೇಯುತ್ತದೆ, ಹುರಿಯುವುದಿಲ್ಲ. ಮಜ್ಜಿಗೆ ಹುಲ್ಲು, ಬೆಳ್ಳುಳ್ಳಿ, ಸಾಂಬಾರ್ ಈರುಳ್ಳಿ, ಕೊತ್ತಂಬರಿ ಬೇರು, ಸೀಗಡಿ ಪೇಸ್ಟು, ಎಲ್ಲದರ ಹಸಿ ವಾಸನೆ ಹಾಗೇ ಉಳಿಯುತ್ತದೆ. ನಮ್ಮನೆಯಲ್ಲಿ ಆ ದಿನ ಆಗಿದ್ದೂ ಅದೇ. ಖಾರ ಇತ್ತು, ಘಮ ಇರಲಿಲ್ಲ.

ಕಾರಣ ಪ್ಯಾಕಿನ ಹಿಂದೆ ಸಣ್ಣ ಅಕ್ಷರದಲ್ಲಿತ್ತು. ಐಎನ್‌ಎಸ್ 435 ಅಂತ. ಆಹಾರಕ್ಕೆ ಬೆರೆಸುವ ಪದಾರ್ಥಗಳನ್ನು ಲೇಬಲ್ಲಿನಲ್ಲಿ ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ ಅದು. 435 ಅಂದರೆ ಪಾಲಿಸಾರ್ಬೇಟ್ 60. ಕೊಬ್ಬು, ನೀರು ಬೇರೆಯಾಗದಂತೆ ಹಿಡಿದಿಡುವುದೇ ಅದರ ಕೆಲಸ. ಜೊತೆಗೆ 412, ಅದು ಗ್ವಾರ್ ಗಮ್. ನಮ್ಮ ಗೋರಿಕಾಯಿ ಬೀಜದಿಂದ ಬರುವ ಪುಡಿ ಅದು, ಹಾಲನ್ನು ಮಂದ ಮಾಡುತ್ತದೆ. ನಾನು ಕೆನೆ ಅಂದುಕೊಂಡಿದ್ದರಲ್ಲಿ ಅದರದ್ದೂ ಪಾಲಿತ್ತು. ತಯಾರಿಸಿದವರನ್ನು ಬೈಯುವಂತಿಲ್ಲ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಒಡೆಯದೆ ಇರಲಿ ಅಂತಲೇ ಹಾಕಿದ್ದು. ನನಗೆ ಬೇಕಿದ್ದದ್ದು ಒಡೆಯುವ ಹಾಲು, ಅಷ್ಟೆ.

ಫ್ರಿಜ್ಜಿನಲ್ಲಿಟ್ಟು ಮೇಲಿನ ಗಟ್ಟಿ ಭಾಗ ತೆಗೆಯೋಣ ಅಂತ ನೋಡಿದೆ. ಮೇಲೂ ಒಂದೇ, ಕೆಳಗೂ ಒಂದೇ. ಎರಡು ಚಮಚ ಕೊಬ್ಬರಿ ಎಣ್ಣೆಯಲ್ಲಿ ಮಸಾಲೆ ಹುರಿದು ಆಮೇಲೆ ಪ್ಯಾಕಿನ ಹಾಲು ಸುರಿದರೆ ಪರವಾಗಿಲ್ಲ. ಆದರೆ ಗಾಣದೆಣ್ಣೆಯಾದರೆ ಅದರ ವಾಸನೆಯೇ ಮುಂದೆ ಬರುತ್ತದೆ.

ಬರೀ ತೆಂಗಿನ ಹಾಲು, ನೀರು ಎರಡೇ ಇರುವ ಪ್ಯಾಕುಗಳೂ ಸಿಗುತ್ತವೆ. ಅವು ಒಡೆಯುತ್ತವೆ. ಕೊಳ್ಳುವುದಾದರೆ ಕೋಕೋನಟ್ ಮಿಲ್ಕ್ ಬಿಟ್ಟು ಕ್ರೀಮ್ ಅಂತ ಬರೆದದ್ದನ್ನು ತನ್ನಿ. ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಹಾಲಿನಲ್ಲಿ ಕನಿಷ್ಠ ಶೇ 10, ಕ್ರೀಮಿನಲ್ಲಿ ಶೇ 20 ಕೊಬ್ಬಿರಬೇಕು. ನನ್ನ ತಕರಾರು ಬೆಲೆಯದ್ದು. ನಾಲ್ಕು ಜನಕ್ಕೆ ಮಾಡುವಷ್ಟಕ್ಕೆ ಜೇಬು ಬಿಸಿಯಾಗುತ್ತದೆ.

ಪುಡಿ? ಒಡೆಯುವ ಮಾತೇ ಇಲ್ಲ. ಎಷ್ಟೋ ಪುಡಿಗಳಲ್ಲಿ ಸೋಡಿಯಂ ಕೇಸಿನೇಟ್, ಅಂದರೆ ಹಸುವಿನ ಹಾಲಿನ ಪ್ರೋಟೀನ್ ಇರುತ್ತದೆ. ವೀಗನ್ ಆದವರು ಲೇಬಲ್ ನೋಡಿಕೊಳ್ಳಿ. ನೂಡಲ್ಸ್ ಸೂಪಿಗೆ ಒಂದು ಚಮಚ ಕಲಸಲು ಸಾಕು.

ಈಗ ಮನೆಯ ಹಾಲು. ಚೆನ್ನಾಗಿ ಬಲಿತ ಎರಡು ಕಾಯಿ ತಗೊಳ್ಳಿ. ತುರಿಯುವಾಗ ಬಿಳಿ ಭಾಗ ಮುಗಿದ ಕೂಡಲೇ ನಿಲ್ಲಿಸಿ. ಕಂದು ಸಿಪ್ಪೆ ಬಿದ್ದರೆ ಹಾಲು ಮಾಸಲಾಗುತ್ತದೆ, ಗ್ರೀನ್ ಕರಿಯ ಹಸಿರು ಬಣ್ಣವೂ ಕೆಡುತ್ತದೆ. ಅರ್ಧ ಲೋಟ ಬಿಸಿನೀರು ಸಾಕು, ಜಾಸ್ತಿ ಹಾಕಿದರೆ ಬತ್ತಿಸುತ್ತಾ ನಿಲ್ಲಬೇಕು. ಮಿಕ್ಸಿಯಲ್ಲಿ ತಿರುಗಿಸಿ ತೆಳು ಬಟ್ಟೆಯಲ್ಲಿ ಹಿಂಡಿ. ಎರಡನೇ ಹಿಂಡಿನ ನೀರು ಹಾಲನ್ನು ಬೇರೆ ಇಡಿ, ಕೋಳಿ ಬೇಯಲು ಅದು ಬೇಕು. ಗಟ್ಟಿ ಹಾಲು ಮೊದಲು ಬುಸುಬುಸು ನೊರೆ ಬರುತ್ತದೆ. ಆಮೇಲೆ ಗುಳ್ಳೆ ಸಣ್ಣದಾಗುತ್ತದೆ, ಕುದಿಯುವ ಸದ್ದು ಹೋಗಿ ಚುರುಚುರು ಅನ್ನುತ್ತದೆ. ಬಾಣಲೆಯ ಅಂಚಿನಲ್ಲಿ ತಿಳಿ ಎಣ್ಣೆ ಕಂಡಿತಾ? ಆಗ ಮಸಾಲೆ ಹಾಕಿ. ಎಣ್ಣೆ ಹಸಿರಾಗುತ್ತದೆ, ಪಕ್ಕದ ಮನೆಗೂ ಘಮ ಹೋಗುತ್ತದೆ.

ತೊಂದರೆ ಇಲ್ಲದೆ ಇಲ್ಲ. ತುರಿಮಣೆ ಮೇಲೆ ಕೂರಬೇಕು, ಉಳಿದ ಹಾಲು ಮರುದಿನಕ್ಕೆ ಹುಳಿ. ನನಗೆ ಊರಿಂದ ಕಾಯಿ ಬರುತ್ತದೆ, ಹಾಗಾಗಿ ಲೆಕ್ಕ ನನ್ನ ಕಡೆಗೇ ವಾಲುತ್ತದೆ. ಈಗಿನ ರೇಟಿನಲ್ಲಿ ಕೊಂಡು ತರುವವರು ತಮ್ಮ ಲೆಕ್ಕ ಹಾಕಿಕೊಳ್ಳಲಿ.

ಉಳಿದದ್ದರಲ್ಲಿ ನಾನು ಇಷ್ಟು ಕಟ್ಟುನಿಟ್ಟಲ್ಲ. ಥಾಯ್ ಬೇಸಿಲ್ ಸಿಗದಿದ್ದರೆ ಅದರದ್ದೇ ಜಾತಿಯ ಕಾಮಕಸ್ತೂರಿ. ಅವರು ಹಾಕುವ ಪುಟ್ಟ ಬದನೆ ನಮ್ಮ ಸುಂಡೆಕಾಯಿಯೇ.

ಆಫರಿನ ಪ್ಯಾಕುಗಳು ತೋಮ್ ಖಾ ಸೂಪಿಗೆ ಹೋದವು. ಅದರಲ್ಲಿ ಹಾಲು ಒಡೆಸುವ ಕೆಲಸ ಇಲ್ಲ, ಅಲ್ಲಿ ಅವು ಚೆನ್ನಾಗೇ ಇದ್ದವು. ತುರಿಯಲು ಬೇಜಾರಾದ ದಿನ ಗ್ರೀನ್ ಕರಿಯ ತಂಟೆಗೇ ಹೋಗುವುದಿಲ್ಲ, ಕೇಂಗ್ ಪಾ ಮಾಡುತ್ತೇನೆ. ಥಾಯ್ಲೆಂಡಿನ ಆ ಕಾಡು ಕರಿಗೆ ಕಾಯಿಹಾಲೇ ಬೇಡ. ಖಾರ ತಣಿಸಲು ಹಾಲಿರುವುದಿಲ್ಲ ನೋಡಿ, ಅನ್ನ ಮಾತ್ರ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ.